ಹದಿನಾಲ್ಕನೇ ಸಾಲು ಮುಗಿಸಿದ ಕೈ

"ಇದು ಗೂಢಲಿಪಿ. ಅದರಲ್ಲಿ ಅನುಮಾನಾನೇ ಇಲ್ಲ," ಎಂದು ಇನ್ಸ್‌ಪೆಕ್ಟರ್ ಡಫ್, ಸತ್ತ ಮುದುಕಿ ಗಿರ್ಜಿಯ ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದ. "ಗುಡ್ಡದ ಮೇಲೆ ವಾಯುಪಡೆಯವರ ರೇಡಾರ್ ಇದೆ. ಅದರ ಕೆಳಗಿನ ಮನೇಲಿ ಒಬ್ಬಳು ಮುದುಕಿ ಪುಟಗಟ್ಟಲೆ ಅಕ್ಷರ, ಅಂಕಿ ಬರೆದಿಟ್ಟಿದ್ದಾಳೆ. ಈಗ ಸತ್ತು ಬಿದ್ದಿದ್ದಾಳೆ. ನೀವೇ ಹೇಳಿ ಮಿಸ್, ನಾನು ಏನಂದ್ಕೋಬೇಕು?"

ಆಸ್ಲಾ ಮೂಅಟ್‌ಗೆ ಮೈಯೆಲ್ಲ ಉರಿದುಹೋಯಿತು. ಗಿರ್ಜಿ ಒಲೆಗಲ್ಲಿನ ಪಕ್ಕ ಹೆಣವಾಗಿ ಸಿಕ್ಕು ಮೂರು ದಿನವಾಗಿತ್ತು. ಗಿರ್ಜಿಯ ಹತ್ತಿರ ಜಾಲರಿ ಶಾಲಿನ ಕೆಲಸ ಕಲಿಯುತ್ತಿದ್ದ ಸಿನ್ನಿ, ಆಸ್ಲಾಳ ಸ್ವಂತ ತಮ್ಮನ ಮಗಳು, ಪೊಲೀಸರ ವಶದಲ್ಲಿ ಕೂತು ಎರಡು ದಿನ. ನಾಳೆ ಬೆಳಗ್ಗೆ ಹತ್ತರ ಹಡಗಿಗೆ ಅವಳನ್ನು ಕೊಲೆಗಾತಿಯೆಂದು ಅನ್ಸ್ಟ್ ದ್ವೀಪದಿಂದ ಲರ್ವಿಕ್ ಪಟ್ಟಣಕ್ಕೆ ಸಾಗಿಸುತ್ತಾರೆ. ಈ ಮಹಾನುಭಾವ ಇಲ್ಲಿ ಕೂತು ಗೂಢಚಾರರನ್ನು ಹುಡುಕುತ್ತಿದ್ದಾನೆ!

"ಓದಿ," ಎಂದಳು. "ಯಾವ ಸಾಲು ನಿಮ್ಮ ನಿದ್ದೆ ಕೆಡಿಸಿದೆ, ಅದನ್ನೇ ಓದಿ."

ಡಫ್ ಕನ್ನಡಕ ಸರಿಮಾಡಿಕೊಂಡ. "ಕೆ 3. ಕೆ 2 ಟಿ. ಓ. ಕೆ 1. ಓ. ಕೆ 2 ಟಿ. ಈ ಕೆ ಅನ್ನೋನು ಎಲ್ಲ ಪುಟದಲ್ಲೂ ಬರ್ತಾನೆ. ಟಿ ಅವನ ಜತೆಗಾರ ಇರಬೇಕು."

"ನಿಮ್ಮ ತಲೆ!"

"ಮಿಸ್ ಮೂಅಟ್, ನಾನು ಡ್ಯೂಟಿ ಮೇಲಿದ್ದೀನಿ."

"ಇರಿ, ಯಾರು ಬೇಡ ಅಂದ್ರು? ಕೋಟಿನೊಳಗೆ ಹಾಕ್ಕೊಂಡಿದ್ದೀರಲ್ಲ ಸ್ವೆಟರು, ಅದನ್ನ ಹೆಣೆದಿದ್ದು ಯಾರು?"

"ನಮ್ಮಮ್ಮ."

"ಹಾಗಾದ್ರೆ ಅವರನ್ನೂ ಹಿಡಿದು ಒಳಗೆ ಹಾಕಿ. ಅವರೂ ಇದೇ ಗೂಢಲಿಪಿ ಓದಿಕೊಂಡೇ ಹೆಣೆದಿರ್ತಾರೆ. ಕೆ ಅಂದ್ರೆ ಹೆಣೆ. ಕೆ 3 ಅಂದ್ರೆ ಮೂರು ಕುಣಿಕೆ ಹೆಣೆ. ಕೆ 2 ಟಿ ಅಂದ್ರೆ ಎರಡು ಕುಣಿಕೇನ ಸೇರಿಸಿ ಒಂದು ಮಾಡು. ಓ ಅಂದ್ರೆ ನೂಲನ್ನ ಕಡ್ಡಿ ಮೇಲೆ ಒಂದು ಸುತ್ತು ಹಾಕು. ಅಲ್ಲೊಂದು ತೂತು ಬೀಳುತ್ತೆ. ನಾವು ಅದಕ್ಕೆ ಕಣ್ಣು ಅಂತೀವಿ. ಇಷ್ಟು ಬರೆಯೋಕೆ ಗಿರ್ಜಿಗೆ ಹೇಳಿಕೊಟ್ಟೋಳು ನಾನೇ. ನನ್ನನ್ನೂ ಹಿಡಿಯಿರಿ!"

ಡಫ್‌ನ ಕಿವಿ ಕೆಂಪಾಯಿತು. ಆದರೂ ಪೊಲೀಸು ಪೊಲೀಸೇ. "ತೂತು ಬೇಕಾದ್ರೆ ನೂಲು ಸುತ್ತಿದ್ರೆ ಸಾಕಲ್ಲ. ಪಕ್ಕದಲ್ಲೇ ಎರಡು ಸೇರಿಸಿ ಒಂದು ಯಾಕೆ ಮಾಡಬೇಕು?" ಎಂದು ಕೇಳಿದ.

ಅಯ್ಯೋ, ಪ್ರಶ್ನೆ ಸರಿಯಾಗಿದೆಯಲ್ಲ ಎನ್ನಿಸಿ ಆಸ್ಲಾಳ ಸಿಟ್ಟು ಒಂದು ಗುಟುಕಿನಷ್ಟು ಇಳಿಯಿತು. ಹದಿನೆಂಟು ವರ್ಷ ಶಾಲೆಯಲ್ಲಿ ಹೆಣಿಗೆ ಕಲಿಸಿದವಳು ಅವಳು. ಸರಿಯಾದ ಪ್ರಶ್ನೆ ಕೇಳಿದವರ ಮೇಲೆ ರೇಗುವುದು ಅವಳಿಂದ ಆಗದು.

"ಸುತ್ತು ಹಾಕಿದಾಗ ಒಂದು ಕುಣಿಕೆ ಹೆಚ್ಚಾಗುತ್ತೆ. ಪಕ್ಕದಲ್ಲಿ ಒಂದು ಕಮ್ಮಿ ಮಾಡದೇ ಇದ್ರೆ ಶಾಲು ಸಾಲು ಸಾಲಿಗೂ ಉಬ್ಬುತ್ತಾ ಹೋಗುತ್ತೆ. ಒಂದು ಓ ಇದ್ದ ಕಡೆ ಒಂದು ಕೆ 2 ಟಿ ಇರಲೇಬೇಕು. ಆ ಲೆಕ್ಕ ತಪ್ಪಿದ ದಿನ ಗಿರ್ಜಿ ಊಟ ಮಾಡ್ತಿರಲಿಲ್ಲ. ಕೊಡಿ ಇಲ್ಲಿ."

ನೋಟ್‌ಬುಕ್ಕನ್ನು ಕಿತ್ತುಕೊಂಡು ಕೊನೆಯ ಪುಟ ತೆರೆದಳು. ಒಂದೊಂದು ಸಾಲಿನ ಮುಂದೆಯೂ ಪೆನ್ಸಿಲಿನ ಪುಟ್ಟ ಗೆರೆ. ಸಾಲು ಮುಗಿದು ಕಡ್ಡಿ ತಿರುಗಿಸಿದ ಮೇಲೆಯೇ ಗಿರ್ಜಿ ಆ ಗೆರೆ ಎಳೆಯುತ್ತಿದ್ದಳು. ಅದಕ್ಕೆ ಮೊದಲು ಮನೆಯ ಹೆಂಚು ಹಾರಿಹೋದರೂ ಪೆನ್ಸಿಲು ಮುಟ್ಟಿದವಳಲ್ಲ. ಹದಿಮೂರನೇ ಸಾಲಿನವರೆಗೆ ಗೆರೆ ಇತ್ತು. ಹದಿನಾಲ್ಕಕ್ಕೆ ಇರಲಿಲ್ಲ.

"ಶಾಲು ಎಲ್ಲಿ?"

"ಕುರ್ಚಿ ಮೇಲೆ. ಸಿಕ್ಕ ಹಾಗೇ ಇದೆ. ಯಾರೂ ಮುಟ್ಟಿಲ್ಲ."

ಗಿರ್ಜಿಯ ಎತ್ತರದ ಬೆನ್ನಿನ ಕುರ್ಚಿಯ ಮೇಲೆ ಬಿಳಿ ಶಾಲು ಮಡಿಸಿ ಇಟ್ಟಿತ್ತು. ಒಲೆ ಆರಿ ಮೂರು ದಿನವಾದ ಆ ಅಡುಗೆಮನೆಯಲ್ಲಿ ಒಣಗಿದ ಜೌಗುಮಣ್ಣಿನ ಉರುವಲಾದ ಪೀಟ್‌ನ ಹೊಗೆಯ ವಾಸನೆ ಮಾತ್ರ ಉಳಿದಿತ್ತು. ಕೆಳಗೆ ಒಲೆಗಲ್ಲಿನ ಅಂಚಿನಲ್ಲಿದ್ದ ಕಲೆಯತ್ತ ನೋಡಬಾರದು ಎಂದುಕೊಂಡೇ ಆಸ್ಲಾ ಬಗ್ಗಿದಳು, ನೋಡಿಯೂ ನೋಡಿದಳು. ಅಳುವುದಕ್ಕಿಂತ ಸಿಡುಕುವುದು ಸುಲಭವಾದ್ದರಿಂದ ಸಿಡುಕಿದಳು.

"ಮೂರು ದಿನದಿಂದ ಇಲ್ಲೇ ಓಡಾಡ್ತಿದ್ದೀರಿ. ಇದು ನಿಮಗೆ ಕಾಣಲೇ ಇಲ್ವಾ?"

"ಏನು?"

"ಸಾಲು ಅರ್ಧಕ್ಕೆ ನಿಂತಿದ್ರೆ ಎರಡು ಕಡ್ಡಿ ಮೇಲೂ ಕುಣಿಕೆ ಇರಬೇಕು. ನೋಡಿ, ಒಂದು ಕಡ್ಡಿ ತುಂಬಿದೆ, ಇನ್ನೊಂದು ಬರಿದು. ಹದಿನಾಲ್ಕನೇ ಸಾಲು ಪೂರ್ತಿ ಆಗಿದೆ. ಪುಸ್ತಕದಲ್ಲಿ ಗೆರೆ ಇಲ್ಲ."

"ಮರೆತಿರಬಹುದು ಮಿಸ್. ವಯಸ್ಸಾಗಿತ್ತು."

ಆಸ್ಲಾ ಟೋಪಿಯಿಂದ ಪಿನ್ನು ಕಿತ್ತು, ಅದರ ತುದಿಯಿಂದ ಕಡ್ಡಿಯ ಮೇಲಿನ ಕುಣಿಕೆಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ನಲವತ್ತು ದಾಟಿತು, ಎಪ್ಪತ್ತು ದಾಟಿತು. ತೊಂಬತ್ತಾರನೆಯದರ ಹತ್ತಿರ ಪಿನ್ನು ನಿಂತಿತು.

"ಇಲ್ಲೀವರೆಗೆ ಗಿರ್ಜಿ," ಎಂದಳು. "ಇಲ್ಲಿಂದಾಚೆ ಬೇರೆಯವರು."

"ಹೇಗೆ ಗೊತ್ತಾಯ್ತು?"

"ಪ್ರತಿ ಕುಣಿಕೆಗೂ ಎರಡು ಕಾಲು. ಬಲಗಾಲು ಕಡ್ಡಿ ಮುಂದೆ ಇರಬೇಕು, ಎಡಗಾಲು ಹಿಂದೆ. ನೋಡಿ, ಹಾಗೇ ಕೂತಿವೆ. ಇನ್ನು ಇಲ್ಲಿಂದ ಆಚೆ ನೂಲು ಸುತ್ತಿದ ಜಾಗ ಮಾತ್ರ ನೋಡಿ. ಎಡಗಾಲು ಮುಂದೆ ಬಂದಿದೆ. ಎಲ್ಲ ಕಡೇನೂ! ನೂಲನ್ನ ತಿರುಗಾಮುರುಗಾ ಸುತ್ತಿದ್ದಾರೆ."

ಡಫ್ ಮೂಗು ತಾಗುವಷ್ಟು ಬಗ್ಗಿ ನೋಡಿದ. ಅವನಿಗೆ ಏನೂ ತಿಳಿಯಲಿಲ್ಲ ಎಂಬುದು ಮುಖದಲ್ಲೇ ಇತ್ತು.

ಆಸ್ಲಾ ಚೀಲದಿಂದ ತನ್ನ ದಪ್ಪ ನೂಲು, ಕಡ್ಡಿ ತೆಗೆದಳು. ಸೊಂಟದ ಚರ್ಮದ ಪಟ್ಟಿಯ ತೂತಿಗೆ ಬಲಗಡ್ಡಿಯ ತುದಿ ಚುಚ್ಚಿ ನಿಂತಲ್ಲೇ ಹೆಣೆಯತೊಡಗಿದಳು. ಈ ಊರಿನ ಯಾವ ಹೆಂಗಸೂ ಆ ಪಟ್ಟಿ ಕಟ್ಟದೆ ಹೊಸ್ತಿಲು ದಾಟುವುದಿಲ್ಲ. ಮೊದಲು ನೂಲನ್ನು ಮುಂದೆ ತಂದು ಕಡ್ಡಿಯ ಮೇಲಿಂದ ಹಿಂದಕ್ಕೆ ಹಾಕಿದಳು. ನಾಲ್ಕು ಕುಣಿಕೆ ಬಿಟ್ಟು, ಈ ಸಲ ಹಿಂದಿನಿಂದ ಮೇಲೆ ಹಾಯಿಸಿ ಮುಂದಕ್ಕೆ ತಂದಳು. ತಿರುಗಿಸಿ ಇನ್ನೊಂದು ಸಾಲು ಹೆಣೆದು ಕಿಟಕಿಯ ಬೆಳಕಿಗೆ ಹಿಡಿದಳು.

ಒಂದು ಕಣ್ಣು ದುಂಡಗೆ ತೆರೆದಿತ್ತು. ಇನ್ನೊಂದರಲ್ಲಿ ನೂಲಿನ ಕಾಲುಗಳು ಒಂದರ ಮೇಲೊಂದು ಕತ್ತರಿ ಹಾಕಿಕೊಂಡು ತೂತು ಅರ್ಧ ಮುಚ್ಚಿಹೋಗಿತ್ತು.

"ಓಹೋ," ಎಂದ ಡಫ್.

"ಈಗ ಓಹೋ ಅನ್ನಿ. ಗಿರ್ಜಿ ಅರ್ಧ ಸಾಲಲ್ಲಿದ್ದಾಗ ಏಟು ಬಿದ್ದಿದೆ. ಅವಳು ಅಲ್ಲಿ ಬಿದ್ದಿದ್ದಾಗ ಇಲ್ಲಿ ಈ ಕುರ್ಚಿ ಮೇಲೆ ಕೂತು ಯಾರೋ ಉಳಿದ ಅರ್ಧ ಮುಗಿಸಿದ್ದಾರೆ. ಮಡಿಸಿಟ್ಟು ಹೋಗಿದ್ದಾರೆ!"

"ಕೊಲೆ ಮಾಡಿ ಹೆಣಿಗೆ ಹಾಕ್ತಾ ಕೂರೋದಾ? ಯಾರಾದ್ರೂ ಹಾಗೆ ಮಾಡ್ತಾರಾ?"

"ನಿಮ್ಮೂರಲ್ಲಿ ಮಾಡಲ್ಲ. ನಮ್ಮ ಅನ್ಸ್ಟ್‌ನಲ್ಲಿ ಮಾಡ್ತಾರೆ, ಬೇಕೂಂತಲ್ಲ, ಕೈ ತಾನಾಗಿ ಹೋಗುತ್ತೆ. ಈ ನೂಲು ನೋಡಿ, ಊದಿದ್ರೆ ಹಾರುತ್ತೆ. ಅರ್ಧ ಸಾಲಲ್ಲಿ ಬಿಟ್ರೆ ಆ ಜಾಗ ಹಿಗ್ಗಿ ಗೀಟು ಬೀಳುತ್ತೆ. ಆಮೇಲೆ ತೊಳೆದು ಹಲಗೆಗೆ ಎಳೆದು ಕಟ್ಟಿದ್ರೂ ಹೋಗಲ್ಲ. ಎದ್ದು ಬಾ ಅಂದ್ರೆ ನಮ್ಮ ಹೆಣ್ಣುಮಕ್ಕಳು ಹೇಳೋದು ಒಂದೇ, ತಾಳು, ಸಾಲು ಮುಗಿಸಿ ಬಂದೆ. ಇದು ಹೊರಗಿನವರ ಕೈ ಅಲ್ಲ ಇನ್ಸ್‌ಪೆಕ್ಟರೇ. ಇದು ನಮ್ಮೂರಿನ ಹೆಂಗಸಿನ ಕೈ."

"ಸಿನ್ನಿ ಕೂಡ ನಿಮ್ಮೂರಿನ ಹೆಂಗಸೇ."

"ಸಿನ್ನಿ ಹೆಣೆದದ್ದು ನಿಮ್ಮ ಚೀಲದಲ್ಲೇ ಇದೆಯಲ್ಲ, ಜಪ್ತಿ ಮಾಡ್ಕೊಂಡಿದ್ದೀರಲ್ಲ. ತೆಗೀರಿ!"

ಡಫ್ ಚೀಲ ಬಿಚ್ಚಿ ಸಿನ್ನಿಯ ಅರೆಬರೆ ಕುತ್ತಿಗೆ ವಸ್ತ್ರ ತೆಗೆದು ಕಿಟಕಿಗೆ ಹಿಡಿದ. ಎಲ್ಲ ಕಣ್ಣುಗಳೂ ತೆರೆದಿದ್ದವು. ಒಂದೇ ಒಂದು ಮುಚ್ಚಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಮಡಿಸಿ ಮೇಜಿನ ಮೇಲಿಟ್ಟ.

"ಅವಳ ಸೊಂಟದ ಪಟ್ಟಿ ಇನ್ನೂ ಸಿಕ್ಕಿಲ್ಲ ಮಿಸ್," ಎಂದ ಮೆಲ್ಲಗೆ. "ಎಲ್ಲಿ ಅಂದ್ರೆ ಗೊತ್ತಿಲ್ಲ ಅಂತಾಳೆ. ಮೂರು ಗಂಟೆಗೆ ಗಿರ್ಜಿ ಜತೆ ಜಗಳ ಆಡಿ ಅಳ್ತಾ ಓಡಿಹೋಗಿದ್ದನ್ನ ಅಂಗಡಿಯ ಲಿಲಿಯಸ್ ನೋಡಿದ್ದಾರೆ. ಐದಕ್ಕೆ ಹೆಣ ಸಿಕ್ಕಿದೆ. ಹಣೆ ಮೇಲೆ ಚೌಕಾಕಾರದ ಗಾಯ ಇದೆ, ಲೋಹದ್ದು ಅಂತಾರೆ ಡಾಕ್ಟರ್. ಪಟ್ಟಿ ಬಕಲ್ ಅಷ್ಟೇ ಗಾತ್ರ."

"ಊರಲ್ಲಿ ಎಲ್ಲರದ್ದೂ ಒಂದೇ ಥರದ ಪಟ್ಟಿ, ಒಂದೇ ಥರದ ಬಕಲ್. ಕೈ ಮಾತ್ರ ಬೇರೆ ಬೇರೆ. ಈ ಸಾಲು ಮುಗಿಸಿದ ಕೈ ಸಿಕ್ಕಿದ್ರೆ ಸಿನ್ನೀನ ಬಿಡ್ತೀರೋ ಇಲ್ವೋ? ಅಷ್ಟು ಹೇಳಿ."

"ಹಡಗು ಹೊರಡೋದರೊಳಗೆ ಸಿಕ್ಕಿದ್ರೆ ಬಿಡ್ತೀನಿ."

"ಹಾಗಾದ್ರೆ ಮನೆಮನೆಗೆ ಹೋಗಿ. ಪ್ರತಿ ಹೆಂಗಸಿನ ಕೈಲೂ ಎರಡು ಸಾಲು ಹೆಣೆಸಿ. ನಮ್ಮನೆಯಿಂದಲೇ ಶುರು ಮಾಡಿ. ಆಮೇಲೆ ಆಸ್ಲಾ ತನ್ನ ಮನೆ ಬಿಟ್ಟು ಊರನ್ನೆಲ್ಲ ಬೀದಿಗೆ ತಂದ್ಲು ಅಂತ ಯಾರೂ ಅನ್ನಬಾರದು."

ಡಫ್ ಗಡಿಯಾರ ನೋಡಿದ. "ಇದನ್ನೆಲ್ಲ ಬರ್ಕೊಂಡು ನಾಲ್ಕು ಗಂಟೆಗೆ ನಿಮ್ಮನೆಗೆ ಬರ್ತೀನಿ."

ಆಸ್ಲಾ ನಾಲ್ಕು ಗಂಟೆಯವರೆಗೆ ಸುಮ್ಮನೆ ಕೂರುವ ಜಾತಿಯಲ್ಲ. ಗುಡ್ಡ ಇಳಿದವಳೇ ಸೀದಾ ಅಂಗಡಿಗೆ ನಡೆದಳು. ಊರಿನ ರೂಢಿ ಬಿಟ್ಟು, ಮುದ್ರಿಸಿದ ವಿನ್ಯಾಸ ಪುಸ್ತಕ ತರಿಸಿಕೊಂಡು ಓದಿ ಹೆಣೆಯುವವಳು ಊರಲ್ಲಿ ಒಬ್ಬಳೇ, ಲಿಲಿಯಸ್. ಗಿರ್ಜಿಯ ನೋಟ್‌ಬುಕ್ಕಿಗಾಗಿ ಬಾಯಿ ಬಿಟ್ಟು ಕೇಳಿ ಇಲ್ಲ ಅನ್ನಿಸಿಕೊಂಡವಳೂ ಅವಳೇ. ಸಿನ್ನಿಯ ಮೇಲೆ ಸಾಕ್ಷಿ ಹೇಳಿದವಳೂ ಅವಳೇ. ಇನ್ನೇನು ಬೇಕು?

ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವರು ಹೆಂಗಸರು ಒಲೆಯ ಸುತ್ತ ಹೆಣಿಗೆ ಹಿಡಿದು ಕೂತಿದ್ದರು. ಆಸ್ಲಾ ಬಾಗಿಲಲ್ಲಿ ಕಂಡದ್ದೇ ಮಾತು ನಿಂತಿತು. ಕಡ್ಡಿಗಳ ಸದ್ದು ನಿಲ್ಲಲಿಲ್ಲ.

"ಬನ್ನಿ ಟೀಚರ್," ಎಂದಳು ಲಿಲಿಯಸ್ ಚಹಾ ಬಗ್ಗಿಸುತ್ತ. "ಕೂತ್ಕೊಳ್ಳಿ. ಹುಡುಗಿಗೆ ಏನಾದ್ರೂ ಬಿಸಿಬಿಸಿ ಕಳಿಸ್ತಾ ಇದ್ದೀರಾ? ಲಾಕಪ್ಪಿನಲ್ಲಿ ಚಳಿ ಅಂತಾರಪ್ಪ."

"ನಿನ್ನ ಚಹಾ ನೀನೇ ಕುಡಿ. ಈ ಕಡ್ಡಿ ಹಿಡಿ."

"ಯಾಕೆ?"

"ಎರಡು ಸಾಲು ಹೆಣೆ. ಕಣ್ಣು ಬಿಡಿಸು. ಇಲ್ಲೇ, ನನ್ನ ಮುಂದೆ."

ಲಿಲಿಯಸ್ ಕೆಟಲ್ಲು ಕೆಳಗಿಟ್ಟಳು. "ನಾನು ನಿಮ್ಮ ಕ್ಲಾಸಿನ ಹುಡುಗಿ ಅಲ್ಲ ಟೀಚರ್. ಐವತ್ತೆರಡು ವರ್ಷ ನಂಗೆ."

"ಐವತ್ತೆರಡು ವರ್ಷದಲ್ಲಿ ಬಾಯಿ ಎಷ್ಟು ಬೆಳೆದಿದೆ ಅಂತ ಊರಿಗೇ ಗೊತ್ತು. ಕೈ ಎಷ್ಟು ಬೆಳೆದಿದೆ ನೋಡೋಣ. ಯಾಕೆ, ಹೆದರಿಕೇನಾ?"

"ಹೆದರಿಕೆ? ನಂಗಾ?"

"ಹೆದರದೇ ಇದ್ರೆ ಹಿಡಿ. ಗಿರ್ಜಿ ಸತ್ತಾಗ ಅವಳ ಸಾಲು ಅರ್ಧಕ್ಕೆ ನಿಂತಿತ್ತು. ಅದನ್ನ ಮುಗಿಸಿದೋಳು ನೂಲನ್ನ ತಿರುಗಿಸಿ ಸುತ್ತಿದ್ದಾಳೆ. ಅವಳು ಯಾರೂಂತ ನಂಗೆ ಗೊತ್ತಾಗಬೇಕು!"

ಈಗ ಮೂವರ ಕಡ್ಡಿಗಳೂ ನಿಂತವು. ಒಬ್ಬಳು ದೇವರೇ ಎಂದಳು. ಇನ್ನೊಬ್ಬಳು ತನ್ನ ಕೈಯಲ್ಲಿದ್ದ ಹೆಣಿಗೆಯನ್ನು ಮೆಲ್ಲಗೆ ಬೆಳಕಿಗೆ ಹಿಡಿದು ನೋಡಿಕೊಂಡಳು, ಯಾವುದಕ್ಕೂ ಇರಲಿ ಎಂದು.

ಲಿಲಿಯಸ್‌ಳ ಮುಖ ಕೆಂಪೇರಿತು. ಕಡ್ಡಿ ಕಿತ್ತುಕೊಂಡು, ಪಟ್ಟಿಗೆ ಚುಚ್ಚಿ, ಆಸ್ಲಾಳ ಮುಖದಿಂದ ಕಣ್ಣು ತೆಗೆಯದೆ ಹೆಣೆದಳು. ಕೈಯನ್ನು ನೋಡಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಎರಡು ಸಾಲು ಮುಗಿಸಿ ಆಸ್ಲಾಳ ಎದೆಯ ಮೇಲೆ ಎಸೆದಳು.

ಆಸ್ಲಾ ಬೆಳಕಿಗೆ ಹಿಡಿದಳು. ಎಂಟು ಕಣ್ಣು. ಎಂಟೂ ದುಂಡಗೆ, ಚೊಕ್ಕವಾಗಿ ತೆರೆದಿದ್ದವು.

ಮೂರು ದಿನದಿಂದ ಈ ಹೆಂಗಸನ್ನು ಮನಸ್ಸಿನಲ್ಲೇ ಸಾವಿರ ಸಲ ಜೈಲಿಗೆ ಹಾಕಿದ್ದಳು. ಸಿಟ್ಟು ಇದ್ದಷ್ಟೂ ಇತ್ತು, ಆದರೆ ಇಳಿಸಲು ಈಗ ಜಾಗವೇ ಇರಲಿಲ್ಲ.

"ಹೇಗಿದೆ?" ಲಿಲಿಯಸ್ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕ್ಷಮಿಸು ಅನ್ನೋ ಮಾತು ಬರುತ್ತಾ, ಅದನ್ನೂ ನಾನೇ ಹೇಳ್ಕೊಡಲಾ?"

"ಕೈ ನೆಟ್ಟಗಿದೆ. ಬಾಯಿ ನೆಟ್ಟಗಿಲ್ಲ. ಆ ಹುಡುಗಿ ಓಡಿಹೋಗಿದ್ದನ್ನ ನೋಡಿದೆ ಅಂತ ಊರೆಲ್ಲ ಸಾರಿದೆಯಲ್ಲ, ಬೇರೆ ಇನ್ಯಾರೂ ಆ ಗುಡ್ಡ ಹತ್ತಲೇ ಇಲ್ವಾ?"

ಲಿಲಿಯಸ್ ಉಳಿದ ಮೂವರನ್ನು ಒಂದು ಸಲ ನೋಡಿದಳು. ಈ ಸಲ ದನಿ ತಗ್ಗಿತ್ತು.

"ಹತ್ತಿದ್ರು. ಮೂರೂವರೆಗೆ ಹತ್ತಿದ್ರು. ನಾನು ಪೊಲೀಸಿಗೆ ಹೇಳಲಿಲ್ಲ. ಯಾಕೆ ಗೊತ್ತಾ? ಅವಳಿಗೆ ಆಗಿರೋ ಸಂಕಟಾನೇ ಸಾಕು ಅಂತ. ನಾನೇನು ರಾಕ್ಷಸಿ ಅಲ್ಲ ಟೀಚರ್. ನಿಮ್ಮ ಮೀಮಿ ಪೀಟ್ ಬುಟ್ಟಿ ಹೊತ್ಕೊಂಡು ಹೋದ್ಲು. ಗಿರ್ಜಿ ಮನೆ ಕಡೆಗೇ."

ಮೀಮಿ ಎಂದರೆ ಆಸ್ಲಾಳ ತಮ್ಮನ ಹೆಂಡತಿ, ಸಿನ್ನಿಯ ತಾಯಿ.

"ಮೀಮಿನಾ?" ಆಸ್ಲಾ ಜೋರಾಗಿ ನಕ್ಕುಬಿಟ್ಟಳು. ನಗು ಅವಳಿಗೇ ಹುಳ್ಳಗೆ ಕೇಳಿಸಿತು. "ಮೀಮಿಗೆ ಕಾಲುಚೀಲ, ಬನಿಯನ್ನು ಬಿಟ್ರೆ ಬೇರೆ ಬರಲ್ಲ. ಹತ್ತೊಂಬತ್ತು ವರ್ಷದಿಂದ ನನ್ನ ಮನೇಲಿದ್ದಾಳೆ. ಒಂದು ಕಣ್ಣು ಬಿಡಿಸೋಕೆ ಬರಲ್ಲ ಅವಳಿಗೆ!"

"ಬರಲ್ಲ ಅಂತ ಅವಳು ಹೇಳಿದ್ದು," ಎಂದಳು ಲಿಲಿಯಸ್. "ನಾನು ಹೇಳಿದ್ದಲ್ಲ."

ಆಸ್ಲಾ ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಬಿದ್ದಳು. ಸಮುದ್ರದ ಗಾಳಿ ಮುಖಕ್ಕೆ ರಾಚುತ್ತಿತ್ತು. ದಾರಿಯುದ್ದಕ್ಕೂ ಲಿಲಿಯಸ್‌ಳನ್ನು ಬಾಯಿಗೆ ಬಂದಂತೆ ಬೈದುಕೊಂಡಳು. ಬೈಗುಳದ ಮಧ್ಯೆ ಒಂದು ಪ್ರಶ್ನೆ ಮಾತ್ರ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಗುಡ್ಡ ಹತ್ತಿದ್ದನ್ನು ಮೀಮಿ ತನಗೇಕೆ ಹೇಳಲಿಲ್ಲ?

ಮನೆಯಲ್ಲಿ ಮೀಮಿ ಮೇಜಿನ ಮುಂದೆ ನಿಂತು ಗಂಟು ಕಟ್ಟುತ್ತಿದ್ದಳು. ದಪ್ಪ ಕಾಲುಚೀಲ, ನಾಲ್ಕು ಬ್ಯಾನಕ್ ರೊಟ್ಟಿ, ಒಣಗಿಸಿದ ಕುರಿಮಾಂಸದ ತುಂಡು. ಎಲ್ಲವೂ ಸಿನ್ನಿಗೆ. ಗಂಟಿನ ಪಕ್ಕದಲ್ಲಿ ಹಳೆಯ ಬಿಳಿ ಶಾಲೊಂದಿತ್ತು.

"ಎಲ್ಲಿಗೆ ಹೋಗಿದ್ರಿ ಅತ್ತಿಗೆ? ಸೂಪು ಆರಿಹೋಯ್ತು," ಎಂದಳು, ತಲೆಯೆತ್ತದೆ.

"ಸೂಪು ಹಾಳಾಗ್ಲಿ. ಸಿನ್ನಿ ಬಿಡುಗಡೆಗೆ ದಾರಿ ಸಿಕ್ಕಿದೆ ಕಣೇ ಮೀಮಿ!" ಆಸ್ಲಾ ಒಂದೇ ಉಸಿರಿಗೆ ಎಲ್ಲ ಹೇಳಿದಳು, ಗೆರೆಯಿಲ್ಲದ ಹದಿನಾಲ್ಕನೇ ಸಾಲು, ತಿರುಗಿ ಕೂತ ಕುಣಿಕೆ, ಇನ್ಸ್‌ಪೆಕ್ಟರ್ ಕೊಟ್ಟ ಮಾತು. "ಆ ಕೈ ಸಿಕ್ಕಿದ್ರೆ ಸಿನ್ನಿ ಮನೆಗೆ ಬರ್ತಾಳೆ. ಅವನೀಗ ಇಲ್ಲಿಗೇ ಬರ್ತಾನೆ. ನಮ್ಮನೆಯಿಂದಲೇ ಶುರು ಮಾಡು ಅಂತ ನಾನೇ ಹೇಳಿದೀನಿ."

ಮೀಮಿಯ ಕೈ ಗಂಟಿನ ಮೇಲೆ ಹಾಗೇ ನಿಂತುಹೋಯಿತು. ಮಗಳು ಬರುತ್ತಾಳೆಂದರೆ ತಾಯಿಯ ಮುಖ ಅರಳಬೇಕು. ಅರಳಲಿಲ್ಲ.

ಆಸ್ಲಾಳ ಕಣ್ಣು ಆ ಶಾಲಿನ ಮೇಲೆ ಬಿತ್ತು. ಸಿನ್ನಿಯ ನಾಮಕರಣದ ಶಾಲು ಅದು. ನಾಮಕರಣವಾದ ಮುಂದಿನ ವಾರವೇ ಆಸ್ಲಾಳ ತಮ್ಮ ದೋಣಿಯ ಸಮೇತ ಮುಳುಗಿದ. ಶಾಲು ಪೆಟ್ಟಿಗೆಯ ತಳ ಸೇರಿತು. ಅದನ್ನು ತೆಗೆಯುವ ಧೈರ್ಯ ಹತ್ತೊಂಬತ್ತು ವರ್ಷ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ನಾಮಕರಣದ ದಿನ ಆಸ್ಲಾ ಆಬರ್ಡೀನ್‌ನಲ್ಲಿ ಟೀಚರ್ ತರಬೇತಿಯಲ್ಲಿದ್ದಳು. ಶಾಲು ಮೀಮಿಯ ತವರಾದ ಫೆಟ್ಲರ್ ದ್ವೀಪದಿಂದ ಯಾರೋ ಕಳಿಸಿದ್ದು ಎಂದಷ್ಟೇ ಕೇಳಿದ್ದಳು.

ಅವಳು ಶಾಲನ್ನು ಎತ್ತಿ ಕಿಟಕಿಗೆ ಹಿಡಿದಳು.

ಅಂಚಿನಿಂದ ಅಂಚಿಗೆ ನೂರಾರು ಕಣ್ಣುಗಳು. ಎಲ್ಲವೂ ಕತ್ತರಿ ಹಾಕಿಕೊಂಡು ಅರ್ಧ ಮುಚ್ಚಿದ್ದವು.

"ಯಾರು ಹೆಣೆದದ್ದು ಇದು?"

ಮೀಮಿ ಗಂಟನ್ನು ಇನ್ನಷ್ಟು ಬಿಗಿದಳು.

"ನಾನು ಕೇಳ್ತಿರೋದು ನಿನ್ನನ್ನೇ! ಯಾರು ಹೆಣೆದದ್ದು?"

"ನಾನು."

"ನಿಂಗೆ ಬರಲ್ಲ ಅಂದಿದ್ದೆ."

"ನೀವು ತರಬೇತಿ ಮುಗಿಸಿ ಬಂದಿರಿ. ಜಾಲರಿ ಹೆಣೆಯೋಕೆ ಬರಲ್ವಾ ಅಂದ್ರಿ. ಬರಲ್ಲ ಅಂದೆ. ಅಷ್ಟೇ. ದೋಣಿ ಮುಳುಗಿತು ಅಂತ ಹೇಳೋಕೆ ಜನ ಬಂದಾಗ ನನ್ನ ಕೈಲಿದ್ದದ್ದು ಅದೇ ಜಾಲರಿ ಕೆಲಸ ಅತ್ತಿಗೆ. ಆಮೇಲೆ 'ಓ' ಅನ್ನೋ ಸುತ್ತು ಹಾಕೋಕೆ ನನ್ನ ಕೈಲಾಗಲಿಲ್ಲ." ಅವಳು ಸೆರಗಿನಂತೆ ಏಪ್ರನ್ನಿನ ತುದಿಯನ್ನು ಮುದ್ದೆ ಮಾಡಿ ಹಿಡಿದಿದ್ದಳು. "ಮೊನ್ನೆ ಹಾಕಿದೆ."

"ಮೀಮಿ!"

"ಪೀಟ್ ಕೊಡೋಕೆ ಹೋದೆ. ಗಿರ್ಜಿ ಬಿದ್ದಿದ್ಲು. ಉಸಿರೇ ಇರಲಿಲ್ಲ. ಶಾಲು ಅವಳ ಕೈಲಿ ಅರ್ಧ ಸಾಲಲ್ಲಿ ನೇತಾಡ್ತಿತ್ತು. ಬಿಡಿಸಿ ತಗೊಂಡೆ. ಕೂತೆ. ಯಾಕೆ ಕೂತೆ ಅಂತ ಕೇಳಬೇಡಿ, ನಂಗೇ ಗೊತ್ತಿಲ್ಲ. ಸಾಲು ಮುಗಿದ ಮೇಲೇ ನಂಗೆ ಎಚ್ಚರ ಆದದ್ದು."

"ಹಾಗಾದ್ರೆ ಕೂಗಬೇಕಿತ್ತು! ಊರನ್ನ ಕರೀಬೇಕಿತ್ತು! ಮಗಳನ್ನ ಹಿಡ್ಕೊಂಡು ಹೋದಾಗಲಾದ್ರೂ ಬಾಯಿ ಬಿಡಬೇಕಿತ್ತು! ಮೂರು ದಿನದಿಂದ ನಾನು ಬೀದಿ ನಾಯಿ ಥರ ಅಲೀತಾ ಇದ್ದೀನಿ, ನೀನು ಇಲ್ಲಿ ಸೂಪು ಕಾಯಿಸ್ತಾ ಕೂತಿದ್ದೀಯಾ?"

"ಯಾರು ಅಲೀರಿ ಅಂದ್ರು ನಿಮಗೆ?" ಮೀಮಿ ತಿರುಗಿಬಿದ್ದಳು. ಇಷ್ಟು ವರ್ಷದಲ್ಲಿ ಆಸ್ಲಾ ಅವಳ ದನಿ ಏರಿದ್ದನ್ನು ಕೇಳಿರಲಿಲ್ಲ. "ನಿಮ್ಮ ಜಾಣತನಕ್ಕೆ ಬೆಂಕಿ ಬೀಳ! ಹೆಣಿಗೆ ಓದೋಕೆ ಬರುತ್ತೆ ನಿಮಗೆ, ಮನುಷ್ಯರನ್ನ ಓದೋಕೆ ಬರಲ್ಲ. ನಾನು ಯಾಕೆ ಬಾಯಿ ಬಿಡಲಿಲ್ಲ ಅಂತ ನೋಡಬೇಕಾ? ನೋಡಿ!"

ಪೀಟ್ ಬುಟ್ಟಿಯನ್ನು ಮಗುಚಿದಳು. ಹೆಂಟೆಗಳು ನೆಲದ ಮೇಲೆ ಉರುಳಿದವು. ತಳದಿಂದ ಚಿಂದಿ ಬಟ್ಟೆಯ ಸುರುಳಿಯೊಂದನ್ನು ತೆಗೆದು ಬಿಚ್ಚಿದಳು.

ಚರ್ಮದ ಪಟ್ಟಿ. ಸಿನ್ನಿಗೆ ಹದಿನಾರು ತುಂಬಿದಾಗ ಆಸ್ಲಾಳೇ ಕೊಟ್ಟದ್ದು. ತೂತಿನ ಪಕ್ಕ ಅವಳು ಬಿಸಿ ಕಡ್ಡಿಯಿಂದ ಚುಚ್ಚಿದ್ದ ಮೂರು ಚುಕ್ಕಿಗಳೂ ಇದ್ದವು. ಹಿತ್ತಾಳೆಯ ಚೌಕ ಬಕಲಿನ ಮೂಲೆಯಲ್ಲಿ ಒಣಗಿದ ಕಲೆ, ಕಲೆಯಲ್ಲಿ ಅಂಟಿದ ಎರಡು ಬಿಳಿ ಕೂದಲು.

"ಗಿರ್ಜಿ ತಲೆ ಹತ್ತಿರ ಬಿದ್ದಿತ್ತು," ಎಂದಳು ಮೀಮಿ.

ಆಸ್ಲಾ ಆ ಮೂರು ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಸಾಲು ಮುಗಿಸಿದ ಕೈಯೇ ಕೊಂದ ಕೈ ಎಂದು ಇನ್ಸ್‌ಪೆಕ್ಟರ್ ಮುಂದೆ ಎದೆ ತಟ್ಟಿ ಹೇಳಿ ಬಂದವಳು ಅವಳು. ಕೊಂದವರು ಒಬ್ಬರು, ಮುಗಿಸಿದವರು ಒಬ್ಬರು ಆಗಿರಬಹುದೆಂದು ಸಿಟ್ಟಿನ ಭರದಲ್ಲಿ ಒಂದು ಕ್ಷಣವೂ ಯೋಚಿಸಿರಲಿಲ್ಲ.

"ಸಿನ್ನಿ ಮಾಡಿರಲ್ಲ. ಯಾರೋ ಅವಳ ಪಟ್ಟಿ..."

ಹೊರಗೆ ಜಲ್ಲಿಕಲ್ಲಿನ ಮೇಲೆ ಬೂಟಿನ ಸದ್ದಾಯಿತು.

ಆಸ್ಲಾ ಮೀಮಿಯ ತೋಳು ಹಿಡಿದು ಹತ್ತಿರಕ್ಕೆ ಎಳೆದಳು. ಜೀವನದಲ್ಲಿ ಒಂದೇ ಒಂದು ಹುಡುಗಿಗೂ ಪಕ್ಕದವಳದ್ದು ನೋಡಿ ಬರೆಯಲು ಬಿಡದ ಟೀಚರ್ ಪಿಸುದನಿಯಲ್ಲಿ ಹೇಳಿದಳು: "ಕೇಳು. ನೂಲು ಮುಂದೆ ತಾ, ಮೇಲಿಂದ ಹಿಂದಕ್ಕೆ ಹಾಕು. ಮುಂದಿನಿಂದ ಹಿಂದಕ್ಕೆ. ತಿಳೀತಾ? ಪಟ್ಟೀನ ಒಲೆಗೆ ಹಾಕು."

ಮೀಮಿ ಅವಳನ್ನು ನೋಡಿದಳು. ತನ್ನ ಸೊಂಟದ ಪಟ್ಟಿ ಬಿಚ್ಚಿ ಪೀಟ್ ಹೆಂಟೆಗಳ ನಡುವೆ ತುರುಕಿದಳು. ಮಗಳ ಪಟ್ಟಿ ಎತ್ತಿ ಸೊಂಟಕ್ಕೆ ಸುತ್ತಿ ಬಕಲ್ ಬಿಗಿದಳು. ತಡೆಯಲು ಆಸ್ಲಾ ಕೈ ಚಾಚುವಷ್ಟರಲ್ಲಿ ಬಾಗಿಲು ತೆರೆಯಿತು.

"ನಾಲ್ಕು ಗಂಟೆ ಅಂದಿದ್ದೆ, ಬಂದೆ," ಎಂದ ಇನ್ಸ್‌ಪೆಕ್ಟರ್ ಡಫ್, ಟೋಪಿ ತೆಗೆಯುತ್ತ. ನೆಲದ ಮೇಲೆ ಹರಡಿದ್ದ ಹೆಂಟೆಗಳನ್ನು ನೋಡಿದ. "ಬುಟ್ಟಿ ಬಿತ್ತಾ?"

"ಬಿತ್ತು," ಎಂದಳು ಮೀಮಿ. "ಕೂತ್ಕೊಳ್ಳಿ ಸಾರ್. ಕಡ್ಡಿ ಕೊಡಿ."

ಅವಳು ಕಿಟಕಿಯ ಪಕ್ಕ ಕೂತು ಕಡ್ಡಿಯನ್ನು ಪಟ್ಟಿಗೆ ಚುಚ್ಚಿದಳು. ಮೂರು ಹೆಣೆದಳು. ಎರಡು ಸೇರಿಸಿ ಒಂದು ಮಾಡಿದಳು. ಆಮೇಲೆ ತಲೆಯೆತ್ತಿ ಆಸ್ಲಾಳ ಕಣ್ಣಲ್ಲಿ ಕಣ್ಣಿಟ್ಟು, ನೂಲನ್ನು ಹಿಂದಿನಿಂದ ಮೇಲೆ ಹಾಯಿಸಿ ಮುಂದಕ್ಕೆ ತಂದಳು. ಅವಸರವಿರಲಿಲ್ಲ. ಮತ್ತೆ ಅದೇ. ಮತ್ತೆ ಅದೇ. ತಿರುಗಿಸಿ ಎರಡನೇ ಸಾಲನ್ನೂ ಮುಗಿಸಿದಳು.

ಡಫ್ ಆ ತುಂಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಆ ಕಡೆ ಈ ಕಡೆ ತಿರುಗಿಸಿದ. ಹಗುರವಾಗಿ ನಿಟ್ಟುಸಿರು ಬಿಟ್ಟು ಆಸ್ಲಾಳ ಕೈಗೆ ಕೊಟ್ಟ.

"ನನ್ನ ಕಣ್ಣು ನಂಬೋ ಹಾಗಿಲ್ಲ ಮಿಸ್. ಇದನ್ನ ಓದೋಕೆ ಬರೋದು ನಿಮಗೊಬ್ಬರಿಗೇ. ನೀವು ಏನು ಹೇಳ್ತೀರೋ ಅದನ್ನೇ ಬರ್ಕೊಳ್ತೀನಿ. ನೂಲು ಸರಿಯಾಗಿ ಸುತ್ತಿದೆಯಾ, ತಿರುಗಿಸಿ ಸುತ್ತಿದೆಯಾ?"

ಅವನು ಪೆನ್ಸಿಲು ತೆಗೆದು ಕಾದ. ಅಂಗೈಯಲ್ಲಿದ್ದ ತುಂಡಿನ ಮೇಲೆ ನಾಲ್ಕು ಕಣ್ಣುಗಳು ಅರ್ಧ ಮುಚ್ಚಿಕೊಂಡು ಕೂತಿದ್ದವು. ಸರಿಯಾಗಿದೆ ಎಂದರೆ ಬೆಳಗ್ಗೆ ಹತ್ತಕ್ಕೆ ಸಿನ್ನಿ ಹಡಗು ಹತ್ತುತ್ತಾಳೆ. ತಿರುಗಿಸಿದೆ ಎಂದರೆ ಅವಳ ಬದಲು, ಅವಳ ಪಟ್ಟಿ ಕಟ್ಟಿಕೊಂಡ ಮೀಮಿ.

"ಹೇಳಿ ಅತ್ತಿಗೆ," ಎಂದಳು ಮೀಮಿ, ಬಕಲಿನ ಮೇಲೆ ಅಂಗೈ ಊರಿಕೊಂಡು. "ಇಡೀ ಊರಿಗೆ ತಪ್ಪು ತೋರಿಸಿಕೊಟ್ಟೋರು ನೀವು. ಈಗ ಯಾಕೆ ಬಾಯಿ ಕಟ್ಟಿತು? ಹೇಳಿ!"